ಚಿಕ್ಕಿಯ ಮೂಗು

ಇದು ಶಿರಸಿಯ ನಮ್ಮ ಹಿತ್ತಿಲು. ಬುಟ್ಟಿಯಲ್ಲಿ ಅಪ್ಪೆಮಿಡಿ. ತೊಟ್ಟು ಮುರಿದು, ಸೊನೆ ಮೂಸಿ, ‘ಇದು ಜೀರಿಗೆ ಪರಿಮಳದ್ದು, ಇದು ಬೇಡ’ ಎಂದು ವಿಂಗಡಿಸುತ್ತಿದ್ದವಳು ಚಿಕ್ಕಿ. ಮೂರು ವರ್ಷದ ಹಿಂದೆ ಮೂಸುವುದನ್ನೇ ಬಿಟ್ಟಳು. ಯಾಕೆಂದು ನಾವ್ಯಾರೂ ಕೇಳಲಿಲ್ಲ.

ಅದೇ ಸುಮಾರಿಗೆ ಅವಳ ಹತ್ತಿರ ಕೂತರೆ ಕೆಟ್ಟ ನಾತ. ಹಲ್ಲಿನದ್ದು ಅಂದುಕೊಂಡೆವು. ಊಟದ ಪಂಕ್ತಿಯಲ್ಲಿ ಪಕ್ಕದವರು ಮೆಲ್ಲಗೆ ಸರಿಯುತ್ತಿದ್ದರು. ಚಿಕ್ಕಿಗೆ ಮಾತ್ರ ಏನೂ ಗೊತ್ತಿಲ್ಲ. ಕೊನೆಗೆ ಹೇಳಿದ್ದು ನಾನು. ಎರಡು ದಿನ ಮಾತು ಬಿಟ್ಟಿದ್ದಳು. ಈ ವಿಡಿಯೋ ಮಾಡು ಎಂದವಳೂ ಅವಳೇ, ಅದು ಬೇರೆ ಮಾತು.

ಶೀತ, ಅಲರ್ಜಿ ಎಂದು ಎರಡು ವರ್ಷ ಮಾತ್ರೆ ನುಂಗಿದ್ದಾಗಿತ್ತು. ಆಮೇಲೆ ಹುಬ್ಬಳ್ಳಿಗೆ ಹೋದೆವು. ಎಂಡೋಸ್ಕೋಪಿನ ಪರದೆ ನಾನೂ ನೋಡಿದೆ. ‘ಮೂಗು ಕಟ್ಟಿದೆ’ ಎನ್ನುತ್ತಿದ್ದಳಲ್ಲ, ಒಳಗೆ ಯಾಣದ ಗುಹೆಯ ಹಾಗೆ ಅಗಲ! ಸುತ್ತಲೂ ಹಸಿರು ಹಕ್ಕಳೆ.

ಕಾಯಿಲೆಯ ಹೆಸರು ಒಜೀನಾ. ಒಳಗಿನ ಪೊರೆ, ಎಲುಬು ಸವೆಯುತ್ತವೆ. ನರಗಳೂ ಸೊರಗುತ್ತವೆ. ಗಾಳಿ ಓಡಾಡುವುದು ತಿಳಿಯದೆ ಮೂಗು ಕಟ್ಟಿದಂತೆ ಅನ್ನಿಸುತ್ತದೆ. ವಾಸನೆಯೂ ತಿಳಿಯುವುದಿಲ್ಲ. ಇದಕ್ಕೆ ಡಾಕ್ಟರುಗಳು ಮರ್ಸಿಫುಲ್ ಅನೋಸ್ಮಿಯಾ ಎನ್ನುತ್ತಾರೆ. ಅಂದರೆ ತನ್ನ ನಾತ ತನಗೇ ತಿಳಿಯದಿರಲೆಂದು ದಯೆಯಿಂದ ಹೋದ ವಾಸನೆ. ಪಂಕ್ತಿಯಲ್ಲಿ ಒಬ್ಬಳೇ ಕೂತವಳ ಮೇಲೆ ಅದೆಂಥ ದಯೆಯೋ!

ಲ್ಯಾಬಿನಲ್ಲಿ ಬೆಳೆದದ್ದು ಕ್ಲೆಬ್ಸಿಯೆಲ್ಲಾ ಒಜೀನೇ ಎಂಬ ಬ್ಯಾಕ್ಟೀರಿಯಾ. ಕ್ಷಯ, ಕುಷ್ಠ, ರೈನೋಸ್ಕ್ಲೆರೋಮಾ ಎಂಬ ಮೂಗಿನ ಸೋಂಕು ಕೂಡ ಒಳಗೆ ಹಕ್ಕಳೆ ಕಟ್ಟಿಸಬಹುದು. ಅದಕ್ಕೇ ಒಳಗಿನ ಪೊರೆಯ ಒಂದು ಚೂರು ಬಯಾಪ್ಸಿ ಪರೀಕ್ಷೆಗೂ ಹೋಯಿತು. ಅವು ಯಾವುದೂ ಅಲ್ಲ ಎಂದು ಬಂತು.

ಬ್ಯಾಕ್ಟೀರಿಯಾ ಕೊಲ್ಲುವ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಕೆಲವು ವಾರಕ್ಕೆ ಮುಗಿಯಿತು. ಮುಗಿಯದೇ ಇರುವುದು ಮೂಗು ತೊಳೆಯುವ ಕೆಲಸ. ಅಡುಗೆ ಸೋಡಾ ಒಂದು ಪಾಲು, ಬಿಳಿಗಾರ ಒಂದು ಪಾಲು, ಉಪ್ಪು ಎರಡು ಪಾಲು. ಆ ಪುಡಿಯನ್ನು 280 ಮಿಲಿಲೀಟರ್ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಹಾಕಬೇಕು. ಎಷ್ಟು ಪುಡಿ ಎನ್ನುವುದನ್ನು ಡಾಕ್ಟರೇ ಹೇಳಬೇಕು, ಸುಮ್ನೆ ಮನೆಯಲ್ಲಿ ಕಲಸಿಕೊಳ್ಳಬೇಡಿ. ಹಕ್ಕಳೆ ಹೋದ ಮೇಲೆ ಗ್ಲಿಸರಿನ್‌ನಲ್ಲಿ 25% ಗ್ಲೂಕೋಸ್ ಬೆರೆಸಿದ ಹನಿ. ನಾತ ಹುಟ್ಟಿಸುವ ಕ್ರಿಮಿಗಳನ್ನು ಅದು ತಡೆಯುತ್ತದೆ.

ಇದಕ್ಕೂ ಬಗ್ಗದಿದ್ದರೆ ಯಂಗ್ಸ್ ಆಪರೇಷನ್ ಇದೆ. ಮೂಗಿನ ಹೊಳ್ಳೆಯನ್ನು ಹೊಲಿದು ತಿಂಗಳುಗಟ್ಟಲೆ ಮುಚ್ಚಿಡುವುದು. ಒಳಗಿನ ಪೊರೆ ಚೇತರಿಸಿಕೊಳ್ಳಲಿ ಎಂದು. ‘ಸಾಯುವವರೆಗೂ ತೊಳೀತೆ, ಹೊಲಿಸ್ಕಳದಿಲ್ಲೆ’ ಎಂದಳು ಚಿಕ್ಕಿ.

ನಾತ ಹೋಗಿದೆ. ವಾಸನೆ ಗೊತ್ತಾಗುವುದು ಮಾತ್ರ ಮರಳಿಲ್ಲ. ಈಗ ತೊಟ್ಟು ಮುರಿದು ನನ್ನ ಮೂಗಿಗೆ ಹಿಡಿಯುತ್ತಾಳೆ. ‘ಎಂತ ತಮಾ, ಜೀರಿಗೆಯಾ?’

ನನಗೆ ಇನ್ನೂ ಸರಿಯಾಗಿ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಮೂಸುತ್ತೇನೆ.