ಬೋರ್ಡಿಗೆ ಹೊಡೆದು ಗೆದ್ದ ಟಿಮ್ ಡಂಕನ್

ಕೇಳುಗರಿಗೆಲ್ಲ ನಮಸ್ಕಾರ. ಬಾಸ್ಕೆಟ್‌ಬಾಲ್ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ರೇಡಿಯೋದಲ್ಲಿ ಜಾಗ ಸಿಗುವುದೇ ಅಪರೂಪ. ಸಿಕ್ಕ ಜಾಗದಲ್ಲಿ ಹತ್ತು ವಿಷಯ ತುರುಕುವುದಿಲ್ಲ, ಒಂದೇ ಹೇಳುತ್ತೇನೆ. ಬೋರ್ಡಿಗೆ ಹೊಡೆಯಿರಿ.

ಆಟ ನೋಡದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚೆಂಡು ಹಾಕುವ ರಿಂಗಿನ ಹಿಂದೆ ಒಂದು ಹಲಗೆ ಇರುತ್ತದಲ್ಲ, ಅದೇ ಬೋರ್ಡ್. ರಿಂಗಿನ ಸರಿಯಾಗಿ ಹಿಂದೆ, 59 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ಒಂದು ಚೌಕ ಬರೆದಿರುತ್ತಾರೆ. ಅದು ಅಂದಕ್ಕೆ ಬರೆದದ್ದಲ್ಲ. ರಿಂಗಿನ ಎಡಕ್ಕೋ ಬಲಕ್ಕೋ ಓರೆಯಾಗಿ ನಿಂತು, ಚೌಕದ ಮೇಲಿನ ಮೂಲೆಗೆ, ಅಂದರೆ ನಿಮ್ಮ ಕಡೆಯ ಮೂಲೆಗೆ, ಚೆಂಡನ್ನು ಮೆತ್ತಗೆ ತಾಗಿಸಿ. ಬೋರ್ಡ್ ಅದರ ವೇಗ ಕಡಿಮೆ ಮಾಡಿ ರಿಂಗಿನೊಳಗೆ ಇಳಿಸುತ್ತದೆ.

ನಮ್ಮ ಹುಡುಗರು ಇದನ್ನು ಮಾಡುವುದಿಲ್ಲ. ಮೊಬೈಲಿನಲ್ಲಿ ರಿಂಗಿಗೆ ಜೋತುಬೀಳುವ ಡಂಕ್ ನೋಡುತ್ತಾರೆ, ಗೆರೆಯಾಚೆಯಿಂದ ಹೊಡೆಯುವ ಮೂರು ಪಾಯಿಂಟ್ ನೋಡುತ್ತಾರೆ. ಸಂಜೆ ಕೋರ್ಟಿಗೆ ಬಂದು ಅದನ್ನೇ ಮಾಡಲು ಹೋಗುತ್ತಾರೆ. ಚೆಂಡು ಕಾಂಪೌಂಡ್ ದಾಟುತ್ತದೆ. ‘ಬೋರ್ಡಿಗೆ ಹೊಡಿಯಪ್ಪಾ’ ಎಂದರೆ, ‘ಸರ್, ಅದು ಹಳೇ ಸ್ಟೈಲ್’ ಅನ್ನುತ್ತಾರೆ.

ಹಳೇ ಸ್ಟೈಲ್ ಅಂತೆ! ಹಾಗಾದರೆ ಟಿಮ್ ಡಂಕನ್ ಕಥೆ ಕೇಳಿ.

ಡಂಕನ್ ಅಮೆರಿಕದ ಎನ್‌ಬಿಎ ಲೀಗಿನಲ್ಲಿ 19 ಸೀಸನ್ ಆಡಿದವರು. ಅಷ್ಟೂ ಒಂದೇ ತಂಡಕ್ಕೆ, ಸ್ಯಾನ್ ಆಂಟೋನಿಯೋ ಸ್ಪರ್ಸ್‌ಗೆ. ಎತ್ತರ 2.11 ಮೀಟರ್. ರಿಂಗ್ ಇರುವುದು 3.05 ಮೀಟರ್ ಮೇಲೆ. ಈ ಮನುಷ್ಯ ಚೂರು ಜಿಗಿದರೆ ಕೈ ರಿಂಗಿಗೆ ಸಿಗುತ್ತದೆ. ಆದರೂ ಅವರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಬೋರ್ಡಿಗೆ ತಾಗಿಸಿ ಹಾಕುತ್ತಿದ್ದ ಆ ಶಾಟ್.

ಹುಟ್ಟಿದ್ದು 1976ರಲ್ಲಿ, ಕೆರೀಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಲ್ಲಿ. ಅಮೆರಿಕದ ಆಡಳಿತದಲ್ಲಿರುವ ಸಣ್ಣ ದ್ವೀಪ ಅದು. ಚಿಕ್ಕಂದಿನಲ್ಲಿ ಡಂಕನ್ ಬಾಸ್ಕೆಟ್‌ಬಾಲ್ ಆಡಿದವರೇ ಅಲ್ಲ. ಅವರು ಈಜುಗಾರ. 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಒಳ್ಳೆಯ ವೇಗ. ಅಕ್ಕ ಟ್ರಿಶಾ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಈಜಿದ್ದರು. ತಮ್ಮನಿಗೂ ಅದೇ ಕನಸು.

1989ರ ಸೆಪ್ಟೆಂಬರ್‌ನಲ್ಲಿ ಹ್ಯೂಗೋ ಅನ್ನುವ ಚಂಡಮಾರುತ ಬಂತು. ಮನೆಗಳ ಚಾವಣಿ ಹಾರಿಹೋದವು. ದ್ವೀಪದಲ್ಲಿ ಒಲಿಂಪಿಕ್ ಅಳತೆಯ ಈಜುಕೊಳ ಇದ್ದದ್ದು ಒಂದೇ. ಅದೂ ಹಾಳಾಯಿತು. ಇನ್ನೇನು ಮಾಡುವುದು? ಸಮುದ್ರದಲ್ಲಿ ಈಜಿ ಎಂದರು. ಡಂಕನ್‌ಗೆ ಶಾರ್ಕ್ ಅಂದರೆ ಭಯ. ನಗಬೇಡಿ. ಕೃಷ್ಣಾ ನದಿಯ ದಂಡೆಯ ನಮ್ಮ ಊರುಗಳ ಹುಡುಗರನ್ನು ಕೇಳಿ ನೋಡಿ, ಮೊಸಳೆ ಇರುವ ಮಡುವಿಗೆ ಯಾರು ಇಳಿಯುತ್ತಾರೆ? ಹುಡುಗನ ಈಜು ಅಲ್ಲಿಗೇ ಕುಂಟಿತು.

ಮರುವರ್ಷ ಅದಕ್ಕಿಂತ ದೊಡ್ಡ ಪೆಟ್ಟು. ತಾಯಿ ಅಯೋನಿಗೆ ಸ್ತನ ಕ್ಯಾನ್ಸರ್. ಮಗನಿಗೆ 14 ತುಂಬುವ ಹಿಂದಿನ ದಿನ ತೀರಿಕೊಂಡರು. ಮತ್ತೆ ಅವನು ಸ್ಪರ್ಧೆಗೆ ನೀರಿಗಿಳಿಯಲಿಲ್ಲ.

ಈಗ ನನಗೆ ಇಷ್ಟವಾದ ಭಾಗ. ಅಮೆರಿಕದ ಓಹಿಯೋ ರಾಜ್ಯದಲ್ಲಿದ್ದ ಇನ್ನೊಬ್ಬ ಅಕ್ಕ ಶೆರಿಲ್, ತಮ್ಮನಿಗೆ ಉಡುಗೊರೆ ಎಂದು ಒಂದು ಬಾಸ್ಕೆಟ್‌ಬಾಲ್ ಕಂಬ, ಬೋರ್ಡ್, ರಿಂಗ್ ಕಳಿಸಿದ್ದರು. ಅಲ್ಲಿಂದ ದ್ವೀಪಕ್ಕೆ, ಎಷ್ಟು ದೂರದ ದಾರಿ! ಅಪ್ಪ ಮನೆ ಮುಂದೆ ಅದನ್ನು ಗಟ್ಟಿಯಾಗಿ ನೆಟ್ಟರು. ಹ್ಯೂಗೋ ಊರೆಲ್ಲ ಅಲ್ಲಾಡಿಸಿತು, ಆ ಕಂಬ ಮಾತ್ರ ನಿಂತೇ ಇತ್ತು. ತಾಯಿ ಹೋದ ಮೇಲೆ ಶೆರಿಲ್ ಮತ್ತು ಅವರ ಗಂಡ ರಿಕಿ ಲೋವರಿ ದ್ವೀಪಕ್ಕೆ ಬಂದು ನೆಲೆಸಿದರು. ಭಾವ ಕಾಲೇಜಿನಲ್ಲಿ ಆಡಿದವರು. ಬಾಮೈದನನ್ನು ಆ ಕಂಬದ ಕೆಳಗೆ ನಿಲ್ಲಿಸಿಕೊಂಡು ಹೇಳಿಕೊಟ್ಟರು. ಹುಡುಗ ಇಷ್ಟು ಎತ್ತರ ಬೆಳೆಯುತ್ತಾನೆ ಎಂದು ಆಗ ಯಾರಿಗೆ ಗೊತ್ತು? ಹಾಗಾಗಿ ಕುಳ್ಳ ಆಟಗಾರನಿಗೆ ಹೇಳಿಕೊಡುವುದನ್ನೆಲ್ಲ ಹೇಳಿಕೊಟ್ಟರು. ಚೆಂಡು ಪುಟಿಸುವುದು, ಪಾಸ್ ಕೊಡುವುದು, ಕಾಲು ಸರಿಯಾಗಿ ಇಡುವುದು. ಮುಂದೆ ಡಂಕನ್ ಬೆನ್ನ ಮೇಲೆ 21 ನಂಬರ್ ಹಾಕಿಕೊಂಡದ್ದೂ ಈ ಭಾವನ ನಂಬರ್ ಎಂದೇ.

ಆಟ ಶುರುಮಾಡಿದ್ದು ಒಂಬತ್ತನೇ ಕ್ಲಾಸಿನಲ್ಲಿ, ಗಮನಿಸಿ. ಇಲ್ಲಿ ಪಾಲಕರು ನನ್ನ ಹತ್ತಿರ ಬಂದು, ‘ಒಂಬತ್ತಕ್ಕೆ ಬಂದ ಸರ್, ಇನ್ನೇನು ಆಟ, ಟ್ಯೂಷನ್‌ಗೆ ಹಾಕ್ತೀವಿ’ ಅನ್ನುತ್ತಾರೆ. ಹಾಕಿ. ಬೇಡ ಅನ್ನುವುದಿಲ್ಲ. ಡಂಕನ್ ಕೂಡ ಓದು ಬಿಟ್ಟವರಲ್ಲ. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಎನ್‌ಬಿಎ ಬಾಗಿಲು ತೆರೆದು ಕಾಯುತ್ತಿತ್ತು, ಕೋಟಿಗಟ್ಟಲೆ ದುಡ್ಡು. ಓದು ಮುಗಿಸುತ್ತೇನೆ ಎಂದು ತಾಯಿಗೆ ಮಾತು ಕೊಟ್ಟಿದ್ದರು. ನಾಲ್ಕೂ ವರ್ಷ ಕೂತು ಮನಶ್ಶಾಸ್ತ್ರದಲ್ಲಿ ಪದವಿ ಪಡೆದರು. ಅದೇ 1997ರಲ್ಲಿ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಮೊದಲನೆಯವರಾಗಿ ಆಯ್ಕೆಯಾದರು. ಟ್ಯೂಷನ್ನೂ ಇರಲಿ, ಸಂಜೆ ಒಂದು ಗಂಟೆ ಕೋರ್ಟೂ ಇರಲಿ. ಆಗುವುದಿಲ್ವಾ?

ಅಯ್ಯೋ, ದ್ವೀಪದಲ್ಲೇ ಇದ್ದುಬಿಟ್ಟೆ. ಬರೆದು ತಂದ ಹಾಳೆ ಮುಗಿಯುತ್ತಾ ಬಂತು, ಆಟದ ಮಾತನ್ನು ಬೇಗ ಹೇಳುತ್ತೇನೆ. ಕೋಚ್ ಗ್ರೆಗ್ ಪಾಪೊವಿಚ್ ಕೈಕೆಳಗೆ ಐದು ಬಾರಿ ಚಾಂಪಿಯನ್: 1999, 2003, 2005, 2007, 2014. ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಎರಡು ಸಲ. 2003ರ ಫೈನಲ್ ಸರಣಿಯ ಕೊನೆಯ ಪಂದ್ಯ ಒಂದನ್ನಾದರೂ ಹೇಳಲೇಬೇಕು: 21 ಪಾಯಿಂಟ್, 20 ರೀಬೌಂಡ್ (ಗುರಿ ತಪ್ಪಿ ಬಂದ ಚೆಂಡು ಹಿಡಿದದ್ದು), 10 ಅಸಿಸ್ಟ್ (ಜೊತೆಗಾರರ ಬಾಸ್ಕೆಟ್‌ಗೆ ಪಾಸ್ ಕೊಟ್ಟದ್ದು), 8 ಬ್ಲಾಕ್ (ಎದುರಾಳಿಯ ಶಾಟ್ ತಡೆದದ್ದು). ಒಬ್ಬನೇ, ಒಂದೇ ಪಂದ್ಯದಲ್ಲಿ. 2013ರ ಫೈನಲ್ ಸರಣಿಯಲ್ಲಿ ಮಯಾಮಿ ತಂಡದ ಎದುರು ಗೆಲುವು ಕೈಗೆ ಬಂದು ಜಾರಿತು. ಮರುವರ್ಷ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದರು, ಆಗ ವಯಸ್ಸು 38.

ಒಟ್ಟು 26,496 ಪಾಯಿಂಟ್. ಇದರಲ್ಲಿ ಎಷ್ಟೋ ಬೋರ್ಡಿಗೆ ತಾಗಿಯೇ ಬಂದವು. ಎದುರಾಳಿಗಳಿಗೆ ಗೊತ್ತಿತ್ತು, ಇವನು ಎಡಗಡೆ ನಿಲ್ಲುತ್ತಾನೆ, ತಿರುಗುತ್ತಾನೆ, ಬೋರ್ಡಿಗೆ ಹೊಡೆಯುತ್ತಾನೆ ಎಂದು. ಗೊತ್ತಿದ್ದೂ ತಡೆಯಲು ಆಗಲಿಲ್ಲ. 2016ರ ಜುಲೈನಲ್ಲಿ ನಿವೃತ್ತಿ. ಹಾರ ಇಲ್ಲ, ಬೀಳ್ಕೊಡುಗೆ ಸಮಾರಂಭ ಇಲ್ಲ, ಪತ್ರಿಕಾಗೋಷ್ಠಿಯೂ ಇಲ್ಲ. ಕ್ಲಬ್ಬಿನಿಂದ ಒಂದು ಪ್ರಕಟಣೆ ಬಂತು, ಅಷ್ಟೇ. ಅವರು ಮೊದಲಿನಿಂದಲೂ ಹಾಗೇ.

ಇನ್ನು ದೈಹಿಕ ಶಿಕ್ಷಕರಿಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ನಾನು ನೋಡಿದ ಎಷ್ಟೋ ಕೋರ್ಟುಗಳಲ್ಲಿ ಆ ಚೌಕವೇ ಇಲ್ಲ. ಬಿಸಿಲಿಗೆ ಬಣ್ಣ ಉದುರಿ, ಕೆಳಗಿನ ಗೆರೆಯ ಒಂದು ತುಂಡು ಮಾತ್ರ ಉಳಿದಿರುತ್ತದೆ. ಮಕ್ಕಳು ಯಾವುದನ್ನು ನೋಡಿ ಹೊಡೆಯಬೇಕು? ಒಂದು ಡಬ್ಬಿ ಬಣ್ಣ, ಒಂದು ಏಣಿ, ಅಳತೆ ಟೇಪು ಸಾಕು. ಇದಕ್ಕೆ ಅನುದಾನ ಬರಲಿ ಎಂದು ಕಾಯಬೇಡಿ. 59 ಅಗಲ, 45 ಎತ್ತರ, ಬರೆದುಕೊಳ್ಳಿ. ಬೇಸಿಗೆ ಶಿಬಿರ ಮಾಡುವವರು ಬೆಳಿಗ್ಗೆ ಆರಕ್ಕೇ ಶುರುಮಾಡಿ. ಒಂಬತ್ತರ ಮೇಲೆ ರಾಯಚೂರಿನ ಸಿಮೆಂಟ್ ಕೋರ್ಟಿನಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ನಮಸ್ಕಾರ.