ಎಳೆದು ಹೊಲಿಯಬೇಡಿ: ಹರ್ನಿಯಾ ಜಾಳಿಯ ಕುರಿತು ಬೆಟಗೇರಿಯಲ್ಲಿ ಆಡಿದ ಮಾತು

ಹಿರಿಯರಿಗೆ, ತಾಯಂದಿರಿಗೆ ನಮಸ್ಕಾರ.

ಜೇಬಿನಲ್ಲಿ ಒಂದು ತುಂಡು ತಂದಿದ್ದೇನೆ. ಆರು ಇಂಚು ಉದ್ದ, ಮೂರು ಇಂಚು ಅಗಲ. ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಅವಧಿ ಮುಗಿದದ್ದು, ಇನ್ನು ಯಾರ ಹೊಟ್ಟೆಗೂ ಹೋಗುವುದಿಲ್ಲ. ಧೈರ್ಯವಾಗಿ ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ. ಹರ್ನಿಯಾ ಆಪರೇಷನ್ನಿನಲ್ಲಿ ಹೊಟ್ಟೆಯ ಗೋಡೆಗೆ ತೇಪೆಯಂತೆ ಹಾಸುವ ಇದನ್ನು ನಾವು ಡಾಕ್ಟರರು ಮೆಶ್ ಅನ್ನುತ್ತೇವೆ, ಪೇಶಂಟುಗಳು ಜಾಳಿ ಅನ್ನುತ್ತಾರೆ. ಜಾಳಿ ಅನ್ನುವುದೇ ಚಲೋ.

ನೇಕಾರರ ಈ ಊರಿನ ಒಬ್ಬ ಹಿರಿಯರು, ಐವತ್ತು ವರ್ಷ ಕುಣಿಮಗ್ಗದಲ್ಲಿ ಕೂತವರು, ತೊಡೆಸಂದಿಯಲ್ಲಿ ಗಂಟು ಅಂತ ನನ್ನ ಹತ್ತಿರ ಬಂದಿದ್ದರು. ಇಂಥದೇ ತುಂಡನ್ನು ಅವರ ಕೈಗೆ ಕೊಟ್ಟೆ. ಮಂದಿ ಸಾಮಾನ್ಯವಾಗಿ ಮೊದಲು ಕೇಳುವುದು ಖರ್ಚು, ಆಮೇಲೆ ನೋವು. ಇವರು ಮೂಲೆ ಹಿಡಿದು ಎರಡು ಸಲ ಜಗ್ಗಿ ನೋಡಿ ಕೇಳಿದರು: “ಸಾಹೇಬ್ರ, ಇದನ್ನ ಕತ್ತರಿಸಿದ್ರ ಅಂಚಿನ ಎಳಿ ಬಿಚ್ಚೂದಿಲ್ಲೇನ್ರಿ?”

ಅಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಉತ್ತರ ಹೇಳುತ್ತೇನೆ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೊಟ್ಟೆಯ ಮುಂದಿನ ಗೋಡೆ ಪದರಪದರವಾದ ಮಾಂಸ, ಅದರ ನಡುವೆ ಗಟ್ಟಿ ಪೊರೆ. ಗಂಡಸರಲ್ಲಿ ಬೀಜಕ್ಕೆ ಹೋಗುವ ನಾಳ ಈ ಗೋಡೆಯನ್ನು ತೂರಿಕೊಂಡೇ ಇಳಿಯಬೇಕು, ಹಾಗಾಗಿ ಆ ಜಾಗ ಹುಟ್ಟಿನಿಂದಲೇ ಸಡಿಲ. ವಯಸ್ಸು, ಬೀಡಿಯ ಕೆಮ್ಮು, ಮಲಬದ್ಧತೆಯ ತಿಣುಕು, ಭಾರ ಹೊರುವುದು ಎಲ್ಲ ಸೇರಿ ಒಂದು ದಿನ ಅಲ್ಲಿ ಕಿಂಡಿ ದೊಡ್ಡದಾಗುತ್ತದೆ, ಕರುಳು ಉಬ್ಬಿ ಹೊರಗೆ ಬರುತ್ತದೆ. ಹರ್ನಿಯಾ ಅಂದರೆ ಇದೇ. “ಕರಳ ಇಳದೈತಿ” ಅನ್ನುತ್ತೀರಲ್ಲ, ಅದೇ. ನೂರು ಗಂಡಸರಲ್ಲಿ ಸುಮಾರು 27 ಮಂದಿಗೆ ಜೀವಮಾನದಲ್ಲಿ ಒಮ್ಮೆ ಬರುವ ಕಾಯಿಲೆ ಇದು. ಹೆಂಗಸರಲ್ಲಿ ಮೂರು ಮಂದಿಗೆ. ಮುಚ್ಚಿಡುವಂಥದ್ದೇನೂ ಇಲ್ಲ.

ಇಟಲಿಯ ಬಸ್ಸಿನಿ 1887ರಲ್ಲಿ ಒಂದು ದಾರಿ ತೋರಿಸಿದ. ಕಿಂಡಿಯ ಆಚೆಯ ಮಾಂಸ, ಈಚೆಯ ಕಟ್ಟು, ಎರಡನ್ನೂ ಎಳೆದು ಹತ್ತಿರ ತಂದು ಹೊಲಿಯುವುದು. ಆ ಕಾಲಕ್ಕೆ ಅದು ದೊಡ್ಡ ವಿದ್ಯೆಯೇ. ಆದರೆ ಕೌದಿ ಹೊಲಿಯುವ ಅವ್ವಂದಿರು ಇಲ್ಲಿ ಕೂತಿದ್ದೀರಿ, ನೀವೇ ಹೇಳಿ. ಜೀರ್ಣವಾದ ಸೀರೆಯಲ್ಲಿ ಅಂಗೈಯಗಲ ತೂತು ಬಿದ್ದರೆ ಎರಡೂ ಅಂಚು ಜಗ್ಗಿ ಹೊಲಿಯುತ್ತೀರಾ? ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ತೂತಿಗಿಂತ ನಾಲ್ಕು ಬೆರಳು ದೊಡ್ಡ ತೇಪೆ ಹಾಕುತ್ತೀರಿ. ನಮ್ಮ ಸರ್ಜನ್ನರಿಗೆ ಈ ಬುದ್ಧಿ ಬರಲು ನೂರು ವರ್ಷ ಹಿಡಿಯಿತು. ಲಾಸ್ ಏಂಜಲೀಸಿನ ಲಿಕ್ಟೆನ್‌ಸ್ಟೈನ್ ಮತ್ತು ಅವನ ಜೊತೆಯವರು ಎಳೆಯದೆ ಜಾಳಿ ಹಾಸುವ ಪದ್ಧತಿಯಲ್ಲಿ ಮಾಡಿದ ಸಾವಿರ ಆಪರೇಷನ್ನುಗಳ ವರದಿ ಕೊಟ್ಟದ್ದು 1989ರಲ್ಲಿ.

ಇನ್ನು ನೇಕಾರರ ಪ್ರಶ್ನೆ. ಅಮೆರಿಕದ ಟೆಕ್ಸಸ್‌ನಲ್ಲಿ ಅಷರ್ ಎಂಬ ಸರ್ಜನ್ 1958ರಲ್ಲಿ ಪ್ಲಾಸ್ಟಿಕ್ ದಾರದ ಜಾಳಿಯ ಬಗ್ಗೆ ಬರೆದ. ಆ ಮೊದಲ ಜಾಳಿ ಹಾಸುಹೊಕ್ಕಿನ ನೇಯ್ಗೆ. ಅಳತೆಗೆ ಕತ್ತರಿಸಿದ ಕೂಡಲೇ ಅಂಚಿನ ಎಳೆ ಬಿಚ್ಚತೊಡಗಿತು! ಬೆಟಗೇರಿಗೆ ಬಂದು ಕೇಳಿದ್ದರೆ ಅರ್ಧ ಗಳಿಗೆಯಲ್ಲಿ ಹೇಳುತ್ತಿದ್ದಿರಿ. ಕೆಲವೇ ವರ್ಷಗಳಲ್ಲಿ ಅವನೇ ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ದಾರಕ್ಕೆ ಬದಲಾದ, ನೇಯ್ಗೆ ಬಿಟ್ಟು ಹೆಣಿಗೆಗೆ ಬಂದ. ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿದ್ದರಿಂದ ಎಲ್ಲಿ ಕತ್ತರಿ ಆಡಿಸಿದರೂ ಬಿಚ್ಚದು. ಈಗ ನಿಮ್ಮ ಕೈಯಲ್ಲಿರುವುದು ಅದೇ ಜಾತಿಯದು.

ಅದರ ತೂತುಗಳನ್ನೂ ಗಮನಿಸಿ, ಗುಟ್ಟು ಅಲ್ಲಿದೆ. ಜಾಳಿ ತಾನಾಗಿ ಕರುಳನ್ನು ತಡೆದು ನಿಲ್ಲಿಸುವುದು ಮೊದಲ ಕೆಲವು ವಾರ ಮಾತ್ರ. ಆಮೇಲೆ ನಿಮ್ಮ ಮೈಯೇ ಆ ತೂತುಗಳಲ್ಲಿ ಹೊಸ ಎಳೆ ಬೆಳೆಸಿ ಗೋಡೆ ಕಟ್ಟುತ್ತದೆ. ಮಗ್ಗ ನಮ್ಮದು, ನೇಯುವುದು ಮೈ. ದಾರ ಒಂಟಿ ಎಳೆಯದಾಗಿರುವುದಕ್ಕೂ ಕಾರಣವಿದೆ. ಹುರಿ ಮಾಡಿದ ದಾರದ ಸಂದಿಯಲ್ಲಿ ರೋಗಾಣು ಹೊಕ್ಕು ಕೂತರೆ, ಅದನ್ನು ತಿನ್ನಬೇಕಾದ ರಕ್ತದ ಕಣ ಗಾತ್ರದಲ್ಲಿ ದೊಡ್ಡದು, ಒಳಗೆ ನುಗ್ಗಲಾರದು.

ಮೊಬೈಲಿನಲ್ಲಿ ವಿಡಿಯೋ ನೋಡಿ “ಜಾಳಿ ಬ್ಯಾಡ್ರಿ, ಪರದೇಶದಾಗ ಬಂದ್ ಮಾಡ್ಯಾರ” ಅನ್ನುವವರು ವಾರಕ್ಕೊಬ್ಬರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಎರಡು ಬೇರೆ ವಿಷಯ ಕಲಸಿಕೊಂಡಿದ್ದಾರೆ. ಹೆಂಗಸರ ಗರ್ಭಕೋಶ ಜಾರಿದ್ದಕ್ಕೆ ಯೋನಿಯ ದಾರಿಯಿಂದ ಹಾಕುತ್ತಿದ್ದ ಜಾಳಿಯ ಮಾರಾಟವನ್ನು ಅಮೆರಿಕ 2019ರಲ್ಲಿ ನಿಲ್ಲಿಸಿತು. ಆ ಹೆಣ್ಣುಮಕ್ಕಳು ಪಟ್ಟ ಕಷ್ಟ ನಿಜವಾದದ್ದೇ. ತೊಡೆಸಂದಿಯ ಹರ್ನಿಯಾಕ್ಕೆ ಆ ಆದೇಶ ಅನ್ವಯಿಸುವುದಿಲ್ಲ.

ಹಾಗಂತ ಜಾಳಿಯನ್ನು ಹೊತ್ತು ಮೆರೆಸಲು ನಾನು ಬಂದಿಲ್ಲ. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸಿಕ್ಕ ಲೆಕ್ಕ ಇದು: ಬರೀ ಹೊಲಿಯುವ ಬದಲು 46 ಮಂದಿಗೆ ಜಾಳಿ ಹಾಕಿದರೆ ಒಬ್ಬರ ಹರ್ನಿಯಾ ಮರುಕಳಿಸುವುದು ತಪ್ಪುತ್ತದೆ. ಲಾಭ ಹೌದು, ಪವಾಡ ಅಲ್ಲ. ಮತ್ತು ಆಪರೇಷನ್ ಆದ ನೂರರಲ್ಲಿ ಹತ್ತು ಹನ್ನೆರಡು ಮಂದಿಗೆ ತಿಂಗಳುಗಟ್ಟಲೆ ಒಂದಿಷ್ಟು ನೋವು ಉಳಿಯುತ್ತದೆ, ಬಹಳಷ್ಟು ಮಂದಿಗೆ ಬರಬರುತ್ತ ಕಡಿಮೆಯಾಗುತ್ತದೆ.

ನನ್ನ ಶುರುವಿನ ದಿನಗಳಲ್ಲಿ ಬ್ಯಾಡಗಿ ಮಾರ್ಕೆಟ್ಟಿನ ಒಬ್ಬ ಹಮಾಲನಿಗೆ ಆಪರೇಷನ್ ಮಾಡಿದ್ದೆ. ಮೂರು ತಿಂಗಳಿಗೆ ಸೊಂಟ ಒಂದು ಕಡೆ ವಾಲಿಸಿಕೊಂಡು ಬಂದ. “ಚೀಲ ಎತ್ತಿದ್ರ ಖಾರಪುಡಿ ಹಚ್ಚಿದಂಗ ಉರಿತೈತ್ರಿ ಸರ.” ಜಾಳಿ ಹೊಂದಿಕೊಳ್ಳಲು ಟೈಮ್ ಬೇಕು ಅಂತ ಗುಳಿಗೆ ಕೊಟ್ಟು ಕಳಿಸಿದೆ. ಎಂಟನೆಯ ತಿಂಗಳಿಗೆ ಬಿಚ್ಚಿ ನೋಡಿದರೆ, ಜಾಳಿ ಹಿಡಿಯಲು ಹಾಕಿದ ಒಂದು ಹೊಲಿಗೆಯೊಳಗೆ ನರ ಸಿಕ್ಕಿಬಿದ್ದಿತ್ತು. ತಪ್ಪು ನನ್ನ ಸೂಜಿಯದು, ಎಂಟು ತಿಂಗಳು ನಾನು ಬೈದದ್ದು ಜಾಳಿಗೆ. ಇವತ್ತಿಗೂ ಜೂನಿಯರುಗಳಿಗೆ ಆ ಭಾಗದ ಮೂರೂ ನರ ಬೆರಳಿಟ್ಟು ತೋರಿಸಿದ ಮೇಲೆಯೇ ಹೊಲಿಗೆ ಹಾಕಲು ಬಿಡುತ್ತೇನೆ. ನೀವೂ ಕೇಳಿ: “ಸರ್, ನರ ನೋಡಿ ಹಾಕ್ತೀರೇನ್ರಿ?” ಸಿಟ್ಟಾಗುವ ಡಾಕ್ಟರ್ ಹತ್ತಿರ ಮಾಡಿಸಬೇಡಿ.

ಖರ್ಚಿನ ಮಾತು ಬಂದಾಗ ನನಗೆ ನೆನಪಾಗುವುದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ. ಅಲ್ಲಿನ ಡಾ. ಟೊಂಗಾಂವ್ಕರ್ ಗುಂಗಾಡಿನ, ಅಂದರೆ ಸೊಳ್ಳೆಯ, ಪರದೆಯ ಬಟ್ಟೆಯನ್ನೇ ಕತ್ತರಿಸಿ, ಶುದ್ಧಿ ಮಾಡಿ ಬಳಸಿದರು. 2003ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ನಕ್ಕವರು ಇದ್ದರು. 2016ರಲ್ಲಿ ಉಗಾಂಡಾದಲ್ಲಿ 302 ಗಂಡಸರ ಮೇಲೆ ಅಂಥ ಪರದೆ ಬಟ್ಟೆಯನ್ನೂ ಕಂಪನಿಯ ಜಾಳಿಯನ್ನೂ ಹೋಲಿಸಿ ನೋಡಿದರು. ವರ್ಷದ ಕೊನೆಗೆ ಪರದೆಯ ಗುಂಪಿನಲ್ಲಿ ಒಬ್ಬನಿಗೆ ಮರುಕಳಿಸಿತ್ತು, ಕಂಪನಿಯ ಗುಂಪಿನಲ್ಲಿ ಯಾರಿಗೂ ಇಲ್ಲ, ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಇದನ್ನು ಕೇಳಿ ಮನೆಯ ಪರದೆ ಹರಿದು ತರಬೇಡಿ ಮತ್ತೆ! ದುಬಾರಿ ಜಾಳಿ ಎಂದರೆ ಗಟ್ಟಿ ಜಾಳಿ ಎಂಬ ಭ್ರಮೆ ಬೇಡ, ಅಷ್ಟೇ. ಸಣ್ಣ ತೂತಿನಿಂದ ಮಾಡುವ ದುರ್ಬೀನಿನ (ಲ್ಯಾಪರೋಸ್ಕೋಪಿ) ಆಪರೇಷನ್ನಿಗೂ ಇದೇ ಮಾತು: ಮಾಡುವ ಕೈ ಪಳಗಿದ್ದರೆ ಚಲೋ, ಎರಡೂ ಕಡೆ ಗಂಟು ಇದ್ದವರಿಗೆ ಇನ್ನೂ ಚಲೋ.

ಚಿಕ್ಕ ಮಕ್ಕಳಿಗೆ ಜಾಳಿ ಬೇಡವೇ ಬೇಡ, ಕರುಳು ಇಳಿಯುವ ಹುಟ್ಟಿನ ಚೀಲ ಕಟ್ಟಿದರೆ ಸಾಕು. ತ್ರಾಸೇ ಇಲ್ಲದ ಸಣ್ಣ ಗಂಟಿನ ಗಂಡಸರು ಕಾದು ನೋಡಬಹುದು. 720 ಗಂಡಸರ ಮೇಲೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾದವರಿಗೆ ಕರುಳು ಸಿಕ್ಕಿಕೊಂಡದ್ದು ತೀರಾ ಅಪರೂಪ. ಆದರೂ ಎರಡು ವರ್ಷದೊಳಗೆ ಅವರಲ್ಲಿ ಕಾಲು ಭಾಗದಷ್ಟು ಮಂದಿ ತಾವಾಗಿಯೇ ಆಪರೇಷನ್ನಿಗೆ ಬಂದರು. ಹೆಂಗಸರು ಮಾತ್ರ ಕಾಯಬಾರದು.

ಗಂಟು ಕಲ್ಲಿನಂತಾಗಿ ಒಳಗೆ ಹೋಗದೆ, ನೋವು, ವಾಂತಿ ಶುರುವಾದರೆ ಎಣ್ಣೆ ತಿಕ್ಕುತ್ತ, ಒತ್ತುತ್ತ ಕೂಡಬೇಡಿ. ಬೆಳಗಾಗಲಿ ಹುಬ್ಬಳ್ಳಿಗೆ ಹೋದರಾಯಿತು ಅನ್ನಬೇಡಿ, ಅದೇ ರಾತ್ರಿ ಮಲ್ಲಸಮುದ್ರದ ಜಿಮ್ಸ್‌ಗೆ, ಅಂದರೆ ಗದಗದ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಿ. ಕರುಳು ಕೊಳೆತು ಹೊಲಸಾದ ಜಾಗದಲ್ಲಿ ಜಾಳಿ ಹಾಕುವುದೂ ಕಷ್ಟ. ಆಗ ಬಸ್ಸಿನಿಯ ಕಾಲಕ್ಕೇ ವಾಪಸ್ಸು ಹೋಗಬೇಕಾಗುತ್ತದೆ.

ಆ ಹಿರಿಯರು ಆಪರೇಷನ್ ಆಗಿ ಹದಿನೈದನೆಯ ದಿನಕ್ಕೆ ಮಗ್ಗಕ್ಕೆ ಇಳಿದರು. ನಾನು ಇನ್ನೊಂದು ವಾರ ತಡೆಯಿರಿ ಅಂದಿದ್ದೆ, ಕೇಳಲಿಲ್ಲ, ಏನೂ ಆಗಲಿಲ್ಲ. ಇವತ್ತು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ, ತುಂಡು ಈಗ ಅವರ ಕೈಯಲ್ಲೇ ಇದೆ, ಮತ್ತೆ ಅಂಚು ಜಗ್ಗಿ ನೋಡುತ್ತಿದ್ದಾರೆ. ಕಾಕಾ, ಮುಂದಕ್ಕೆ ದಾಟಿಸ್ರಿ. ಹಿಂದೆ ಕೈ ಎತ್ತಿದ್ದೀರಲ್ಲ ತಂಗಿ, ನೀವು ಕೇಳಿ.