ಹೆತ್ತ ಮೇಲೆ ಸೋಲುವ ಸ್ನಾಯು

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ, ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯದೆ ನಿಂತ ತಾಯಂದಿರಿರುತ್ತಾರೆ. ಕೆಮ್ಮಿದರೆ, ಸೀನಿದರೆ, ಬ್ರಿಜ್‌ನ ಮೆಟ್ಟಿಲು ಓಡೋಡಿ ಹತ್ತಿದರೆ ಮೂತ್ರ ಸೋರೀತೆಂಬ ಭಯ. ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಳಉಡುಪು. ಗಂಡನಿಗೆ ಹೇಳಿರುವುದಿಲ್ಲ. ತವರಿಗೆ ಫೋನ್ ಮಾಡಿದರೆ "ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಮಗಳೇ" ಎಂಬ ಉತ್ತರ. ಅಕ್ಕ ತಂಗಿಯರೇ, ಇದ್ದದ್ದೇ ಎಂದು ಸುಮ್ಮನಿರಬೇಡಿ. ಇದಕ್ಕೆ ಚಿಕಿತ್ಸೆಯಿದೆ. ಎಷ್ಟೋ ಜನರಿಗೆ ವ್ಯಾಯಾಮವೇ ಸಾಕಾಗುತ್ತದೆ.

ಕಿಬ್ಬೊಟ್ಟೆಯ ಕೆಳಗೆ, ಮುಂದಿನ ಮೂಳೆಯಿಂದ ಹಿಂದೆ ಬೆನ್ನುಮೂಳೆಯ ತುದಿಯವರೆಗೆ, ಸ್ನಾಯುಗಳು ಜೋಲಿಯಂತೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತಿವೆ. ಇವೇ ಶ್ರೋಣಿತಳದ ಸ್ನಾಯುಗಳು. ಮಗುವಿನ ತಲೆ ಹೊರಬರುವಾಗ ಇವುಗಳ ಒಳಅಂಚು ಸುಮಾರು 3 ಪಟ್ಟು ಹಿಗ್ಗುತ್ತದೆ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಚೇತರಿಕೆ ಕಾಣುತ್ತದೆ. ಕೆಲವರಲ್ಲಿ ಮಾತ್ರ ಸ್ನಾಯು ಮೂಳೆಗೆ ಅಂಟಿದ ಕಡೆಯಿಂದಲೇ ಕಿತ್ತುಬರುತ್ತದೆ, ನರಕ್ಕೂ ಪೆಟ್ಟಾಗುತ್ತದೆ. ಇಕ್ಕಳ ಹಾಕಿ ಹೆರಿಗೆ ಮಾಡಿಸಿದಾಗ ಈ ಅಪಾಯ ಹೆಚ್ಚು. ಸಿಸೇರಿಯನ್ ಆದವರಿಗೂ ಸೋರಿಕೆ ಬರಬಹುದು, ಏಕೆಂದರೆ ಬಸುರಿನ ಭಾರವನ್ನು ತಿಂಗಳುಗಟ್ಟಲೆ ಹೊತ್ತದ್ದು ಇದೇ ಸ್ನಾಯು.

ನಮ್ಮ ಬಾಣಂತನದ ಎಣ್ಣೆ, ಬಿಸಿನೀರು, ಅಂಟಿನುಂಡೆ, ಎಲ್ಲಕ್ಕಿಂತ ಆ ವಿಶ್ರಾಂತಿ ನನಗೆ ತುಂಬ ಮೆಚ್ಚು. ಆದರೆ ಹೊಟ್ಟೆಗೆ ಬಟ್ಟೆ ಬಿಗಿದ ಮಾತ್ರಕ್ಕೆ ಕೆಳಗಿನ ಸ್ನಾಯುವಿಗೆ ಬಲ ಬರದು. ಅದಕ್ಕೆಂದೇ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಒಂದು ವ್ಯಾಯಾಮ ಪ್ರಕಟಿಸಿದರು. ನಾಲ್ಕು ಜನರೆದುರು ಗಾಳಿ ಹೋಗದಂತೆ ತಡೆಯುತ್ತೇವಲ್ಲ, ಹಾಗೆ ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಿ. ಉಸಿರು ಕಟ್ಟಬೇಡಿ, ತೊಡೆ ಬಿಗಿಯಬೇಡಿ. ಐದಾರು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡಿ. ಸಡಿಲಬಿಡುವುದನ್ನೇ ಬಹಳ ಮಂದಿ ಮರೆಯುತ್ತಾರೆ. ಒಮ್ಮೆಗೆ 8ರಿಂದ 10 ಸಲ, ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು. ಮೂತ್ರ ಮಾಡುವಾಗ ನಡುವೆ ತಡೆದು ಇದನ್ನು ಅಭ್ಯಾಸ ಮಾಡಬಾರದು.

ನೀರು ಕುಡಿಯುವುದನ್ನು ಬಿಡಬೇಡಿ. ಮಲಬದ್ಧತೆಯಾಗಿ ತಿಣುಕಿದಷ್ಟೂ ಈ ಸ್ನಾಯು ಸೋಲುತ್ತದೆ. ಮನೆಯ ಗಂಡಸರೇ, ಬೆಳಗಿನ ನಲ್ಲಿ ನೀರಿನ ಕೊಡ ಬಾಣಂತಿಯ ಕೈಗೆ ಹೋಗದಂತೆ ನೋಡಿಕೊಳ್ಳಿ.

3 ತಿಂಗಳಾದರೂ ಸೋರಿಕೆ ನಿಲ್ಲದಿದ್ದರೆ ಫಿಸಿಯೋಥೆರಪಿಸ್ಟರನ್ನು ಕಾಣಿ. ಎಷ್ಟೋ ಸಲ ಎಳೆಯುವ ಬದಲು ಕೆಳಕ್ಕೆ ತಳ್ಳುತ್ತಿರುತ್ತೇವೆ, ಅವರು ತಿದ್ದುತ್ತಾರೆ. ಕೆಳಗೆ ಏನೋ ಗಡ್ಡೆ ಜಾರಿ ಬಂದಂತೆ ಅನಿಸಿದರೆ, ಮಲ ತಡೆಯಲಾಗದಿದ್ದರೆ, ಅಷ್ಟು ದಿನ ಕಾಯದೆ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಅಲ್ಲಿ ಮರಾಠಿಯಲ್ಲಿ ಹೇಳಬೇಕಾಗಿ ಬಂದರೆ "ಖೋಕತಾನಾ ಲಘವೀ ಹೋತೆ" (ಕೆಮ್ಮುವಾಗ ಮೂತ್ರ ಹೋಗುತ್ತದೆ) ಎಂದರೆ ಸಾಕು. ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.